ಮಾಬೂಬಿ ಹೇಳಿದ ರಾಣಿ ಕಥೆ

ಹೆಣ್ಣು! ನನ್ನ ಶಾಂತಾ ಹೆಣ್ಣು ಹಡೆದಳು. ನಿನ್ನೆ ಹೊತ್ತು ಏರುವ ಮೊದಲೇ, ಯರಗುಪ್ಪಿಯ ನಮ್ಮ ಮನೆಯಲ್ಲೇ, ನರ್ಸಬಾಯಿಯ ಕೈಯಲ್ಲಿ. ತಾಯಿ ಮಗಳು ಇಬ್ಬರೂ ಆರಾಮ. ಕೂಸು ಎಂಥ ಅಳು ಅತ್ತಿತೆಂದರೆ ಬಾಜು ಮನೆಯ ಎತ್ತು ಮೇಯುವುದು ಬಿಟ್ಟು ಕಿವಿ ನಿಗುರಿಸಿತು. ನಾನು ಅಜ್ಜಿಯಾದೆ! ಓಣಿ ತುಂಬ ಸಕ್ಕರೆ ಹಂಚಿದೆ. ಹಂಚಿದವರಿಗೇ ಮರೆತು ಮತ್ತೊಮ್ಮೆ ಹಂಚಿದೆ. ನಮ್ಮ ಯಜಮಾನರು ಕಟ್ಟೆಯ ಮೇಲೆ ಕುಂತು, "ಏ ನೀಲವ್ವಾ, ಚಾಕ್ಕರ ಒಂದೀಟು ಸಕ್ಕರಿ ಉಳಿಸಬೇ" ಅಂದರು. "ಇವತ್ತ ಬೆಲ್ಲದ ಚಾ ಕುಡೀರಿ, ಮುತ್ಯಾ ಆಗೀರಿ" ಅಂದೆ. ಅವರು ಮುಖ ಆ ಕಡೆ ತಿರುಗಿಸಿ ಟವೆಲಿನಿಂದ ಕಣ್ಣು ಒರಸಿಕೊಂಡಿದ್ದನ್ನು ನಾನು ನೋಡಿಯೂ ನೋಡದಂತೆ ಇದ್ದೆ.

ಒಳಗೆ ಹೋಗಿ ಕೂಸಿನ ಕೈ ಬಿಡಿಸಿ ನೋಡಿದೆ. ಹತ್ತಿಯ ಹೊಸ ತೊಳೆಯಂಥ ಕೈ. ಮಾಬೂಬಿ ಇದ್ದಿದ್ದರೆ ಕೂಸಿನ ಮುಖ ನೋಡುತ್ತಿರಲಿಲ್ಲ, ಮೊದಲು ಕೈ ನೋಡುತ್ತಿದ್ದಳು. ಇಂಥ ಖುಷಿಯ ದಿನ ಆಕೆಯನ್ನು ನೆನೆಯಬಾರದು ಅಂದುಕೊಂಡಿದ್ದೆ. ನಮಗೆ ಮೋಸ ಮಾಡಿದವಳು ಆಕೆ. ಆದರೆ ನೆನಪು ನನ್ನನ್ನು ಕೇಳಿ ಬರುತ್ತದೆಯೇ?

ಮಾಬೂಬಿ ನಮ್ಮೂರ ಬಳೆಗಾರ್ತಿ. ಗಂಡ ತೀರಿದ ಮೇಲೆ ಬಳೆ ಪೋಣಿಸಿದ ಮಲಾರವನ್ನು ತಾನೇ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದಳು. ಊರಿನ ಹೆಣ್ಣುಮಕ್ಕಳ ಕೈಯೆಲ್ಲ ಆಕೆಗೆ ಗೊತ್ತು, ಆಕೆಯ ಕೈ ಮಾತ್ರ ಬೋಳು. ಮುಖ ಕಂಡು ಗುರುತು ಹಿಡಿಯದಿದ್ದರೂ ಮುಂಗೈ ಮುಟ್ಟಿದರೆ, "ನೀ ಹಿರೇಗೌಡರ ಸೊಸಿ ಅಲ್ಲೇನಬೇ, ತವರಿಗೆ ಹೋಗಿ ದಪ್ಪ ಆಗಿ ಬಂದೀಯಲ್ಲ?" ಅನ್ನುತ್ತಿದ್ದಳು.

ಆಕೆ ಬಳೆ ಇಡುವ ರೀತಿಯೇ ಬೇರೆ. ಗಾಜಿನ ಬಳೆ ಕೈಗೆ ಬಿಗಿಯಾಗಿ ಕೂರಬೇಕೆಂದರೆ ಗೆಣ್ಣಿನ ಮೇಲೆ ದಾಟುವಾಗ ಜೀವ ಹೋಗಿ ಬಂದಂತಾಗುತ್ತದೆ. ಆಕೆ ನಮ್ಮ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, "ಸಡಲ ಬಿಡು. ಮಾರಿ ಆ ಕಡೆ ಮಾಡು. ಮೊನ್ನೆ ಗುಡಗೇರಿ ಸಂತ್ಯಾಗ ಏನಾತು ಗೊತ್ತೈತೇನು?" ಅಂತ ಶುರು ಮಾಡುತ್ತಿದ್ದಳು. ದಲಾಲಿಯೊಬ್ಬ ಚಾ ಕುಡಿಯಲು ಕುಂತಾಗ ಹಿಂದಿನಿಂದ ಆಡು ಬಂದು ಅವನ ರುಮಾಲು ತಿಂದ ಕಥೆ. ತುದಿ ಹಿಡಿದು ಅವನು ಈ ಕಡೆ ಎಳೆಯುವುದು, ಆಡು ಆ ಕಡೆ ಎಳೆಯುವುದು. ನಾವು ನಗುವುದಕ್ಕೂ ಆಕೆಯ ಹೆಬ್ಬೆರಳು ಗೆಣ್ಣನ್ನು ಒತ್ತುವುದಕ್ಕೂ ಸರಿಹೋಗುತ್ತಿತ್ತು. "ಆತು ನೋಡು" ಅನ್ನುತ್ತಿದ್ದಳು. ತಿರುಗಿ ನೋಡಿದರೆ ಬಳೆ ಮುಂಗೈಯಲ್ಲಿ. ನೋವಾಗಿದ್ದು ನಮಗೆ ಗೊತ್ತೇ ಆಗಿರುತ್ತಿರಲಿಲ್ಲ.

"ಆಡಿನ ಕಥಿ ಮುಂದ ಏನಾತಬೇ?"

"ಮುಂದಿಂದು ಮುಂದಿನ ಬಳಿಗೆ."

ಒಮ್ಮೆ ನಾನೇ ಗುಡಗೇರಿ ಸಂತೆಗೆ ಹೋದಾಗ ಆ ದಲಾಲಿಯ ಬಗ್ಗೆ ವಿಚಾರಿಸಿದೆ. ಅಂಥ ದಲಾಲಿಯೂ ಇಲ್ಲ, ಆಡೂ ಇಲ್ಲ. ಊರಿಗೆ ಬಂದು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅವತ್ತೇ ನನಗೆ ತಿಳಿಯಬೇಕಿತ್ತು.

ಪಂಚಾಯ್ತಿಗೆ ಟೀವಿ ಬಂದ ಮೇಲೆ ಮಾಬೂಬಿಯ ಬೆಲೆ ಇನ್ನೂ ಏರಿತು. ಭಾನುವಾರ ಮುಂಜಾನೆ ರಾಜರ ಕಥೆಯೊಂದು ಬರುತ್ತಿತ್ತು. ಉತ್ತರದ ಕಡೆಯ ಒಂದು ಕೋಟೆ, ಒಬ್ಬ ರಾಜ, ಅವನ ಎಳೆಯ ರಾಣಿ, ಆಕೆಯನ್ನು ಕಂಡರೆ ಆಗದ ಹಿರಿಯ ರಾಣಿ. ಮಾತೆಲ್ಲ ಹಿಂದಿ. ನಮಗೆ ತಿಳಿಯುತ್ತಿದ್ದುದು ಕುದುರೆಯ ಸಪ್ಪಳ ಒಂದೇ. ಗಂಡಸರು ಹೊರಗಿನ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕಿಟಕಿಯಿಂದ ನೋಡುವವರು. ಒಳಗೆ ಕುಂತ ಹೆಂಗಸರಲ್ಲಿ ಉರ್ದು ಬಲ್ಲವಳು ಮಾಬೂಬಿ ಒಬ್ಬಳೇ. ಆಕೆಯನ್ನು ಟೀವಿಯ ಬಾಜು ಕೂರಿಸಿ, ನಾವು ರಾಣಿಯ ಬಾಯಿ ಒಂದು ಕಣ್ಣಲ್ಲಿ, ಮಾಬೂಬಿಯ ಬಾಯಿ ಒಂದು ಕಣ್ಣಲ್ಲಿ ನೋಡುತ್ತಿದ್ದೆವು.

ರಾಜ ಸಿಂಹಾಸನದ ಮೇಲೆ ಎದ್ದು ನಿಂತು ಕೈ ಬೀಸಿ ಬೀಸಿ ಒಂದು ಪುರಾಣ ಹೇಳಿದರೆ ಮಾಬೂಬಿ, "ಊಟಕ್ಕ ಬರೂದಿಲ್ಲಂತ" ಅಂದು ಸುಮ್ಮನಾಗುತ್ತಿದ್ದಳು.

"ಅಲ್ಲಬೇ, ಅಂವಾ ಅಷ್ಟೊತ್ತು ಒದರಿದ, ನೀ ಇಷ್ಟ ಹೇಳತಿ?"

"ದೊಡ್ಡವರ ಮಾತಿನ್ಯಾಗ ಹೊಟ್ಟು ಭಾಳ ಇರತೈತಿ. ನಾ ಕೇರಿ ಕಾಳಷ್ಟ ಕೊಡಾಕತ್ತೇನಿ, ಗಪ್ಪ ಕುಂಡ್ರು."

ಹಿರಿಯ ರಾಣಿ ಕಣ್ಣು ಕೆಕ್ಕರಿಸಿ ಒಂದೇ ಮಾತು ಆಡಿದರೆ ಮಾತ್ರ ಮಾಬೂಬಿ ನಮ್ಮೂರ ಬೈಗುಳಗಳನ್ನೆಲ್ಲ ಸುರಿದು ಜಾಹೀರಾತು ಬರುವ ತನಕ ಅನುವಾದ ಮಾಡುತ್ತಿದ್ದಳು. ಆ ರಾಣಿ ಅರಮನೆಯಲ್ಲಿ ಇದ್ದರೂ ಮಾಬೂಬಿಯ ಬಾಯಲ್ಲಿ ರೊಟ್ಟಿ ಸೀದದ್ದಕ್ಕೆ ಸಿಟ್ಟಾಗುತ್ತಿದ್ದಳು, ಬಾವಿಯ ಕಟ್ಟೆಯ ಮೇಲೆ ಚಾಡಿ ಹೇಳುತ್ತಿದ್ದಳು.

ಆಗ ನನ್ನ ಶಾಂತಾ ಚೊಚ್ಚಲ ಬಸುರಿ. ಬಮ್ಮಿಗಟ್ಟಿಗೆ ಕೊಟ್ಟಿದ್ದೆವು. ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಕಥೆಯೊಳಗೆ ಎಳೆಯ ರಾಣಿಯೂ ಬಸುರಿ. ಇಬ್ಬರಿಗೂ ಒಂದೇ ತಿಂಗಳು ಅಂತ ಹೆಂಗಸರು ಲೆಕ್ಕ ಹಾಕಿದರು. ಶಾಂತಾಗೆ ಬಸುರಿಯ ಉಡಿ ತುಂಬಿ ಕುಬಸ ಮಾಡುವ ದಿನ ಯಾರಿಗೋ ಹೊಳೆಯಿತು: ಆ ರಾಣಿಗೆ ತವರೂರು ದೂರ, ಅವ್ವ ಇಲ್ಲ, ಸವತಿ ಕೆಟ್ಟವಳು, ಪಾಪ ಆಕೆಗೆ ಯಾರು ಮಾಡುತ್ತಾರೆ? ಮುಂದಿನ ಭಾನುವಾರ ಕುಪ್ಪಸದ ಹಸಿರು ಕಣ, ಕೊಬ್ಬರಿ ಬಟ್ಟಲು, ಅಕ್ಕಿ, ಎಲೆ ಅಡಿಕೆ ಹಿಡಿದು ಪಂಚಾಯ್ತಿಗೆ ಹೋದೆವು. ರಾಣಿ ಕಾಣಿಸಿಕೊಂಡ ಕೂಡಲೆ ಟೀವಿಯ ಮುಂದೆ ಕಣ ಹಾಸಿ ಉಡಿ ತುಂಬಿ, ಗಾಜಿನ ಮೇಲೆ ಆಕೆಯ ಹಣೆಗೆ ಕುಂಕುಮ ಹಚ್ಚಿದೆವು. ಪಂಚಾಯ್ತಿಯ ಸಿಪಾಯಿ ಫಕ್ಕೀರಪ್ಪ ಓಡಿ ಬಂದ.

"ಏ ಯವ್ವಗಳಿರಾ! ಅಕ್ಕಿಕಾಳು ಡಬ್ಬಿಯೊಳಗ ಬಿದ್ರ ನನ್ನ ನೌಕರಿ ಹೋಗತೈತಿ!"

"ಬಸುರಿ ಮುಂದ ಅಪಶಕುನ ನುಡೀಬ್ಯಾಡ, ಆ ಕಡೆ ಸರಿ" ಅಂದಳು ಮಾಬೂಬಿ. ಟೀವಿಯ ಎರಡೂ ಬದಿಗೆ ಹಸಿರು ಬಳೆ ತೂಗುಹಾಕಿದವಳೂ ಆಕೆಯೇ.

ಕಥೆ ಮುಗಿಯುವ ಭಾನುವಾರ ಬಂತು. ಸುಗ್ಗಿಯ ದಿನ, ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ನಾವು ಕಥೆ ನೋಡಿ ಬುತ್ತಿ ಒಯ್ಯುವವರು. ಅವತ್ತು ಟೀವಿಯ ದನಿ ಮುಲುಕುತ್ತಿತ್ತು, ಚಿತ್ರದ ಮೇಲೆ ಜೋಳದ ಹಿಟ್ಟು ಚೆಲ್ಲಿದಂತೆ ಚುಕ್ಕಿ. ರಾಣಿಗೆ ಹೆರಿಗೆಯ ಬ್ಯಾನಿ ಶುರುವಾಗಿತ್ತು. ಶಾಂತಾ ಮುಂದಿನ ಸಾಲಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕುಂತಿದ್ದಳು. ಕೂಸಿನ ಅಳು ಕೇಳಿತು. ನಾವೆಲ್ಲ ಉಸಿರು ಬಿಟ್ಟೆವು. ಆದರೆ ದಾಸಿಯರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ರಾಜ ತಲೆಗೆ ಕೈ ಹಚ್ಚಿ ನೆಲಕ್ಕೆ ಕುಂತ. ರಾಣಿ ಕಣ್ಣು ಮುಚ್ಚಿ ಮಲಗಿದ್ದಳು. ಒಬ್ಬ ಮುದುಕಿ ಬಂದು ಆಕೆಗೆ ಶಾಲು ಹೊದಿಸಿದಳು.

"ಮಾಬೂಬಿ, ಯಾಕ ಅಳಾಕತ್ತಾರ?" ಶಾಂತಾ ಕೇಳಿದಳು.

ಮಾಬೂಬಿ ಟೀವಿ ಬಿಟ್ಟು ಶಾಂತಾ ಕಡೆ ತಿರುಗಿದಳು. ಆಮೇಲೆ, "ಗಂಡು ಹುಟ್ಟೈತಿ. ಖುಷಿಗೆ ಅಳತಾರ" ಅಂದಳು.

"ರಾಜಾ ನೆಲಕ್ಕ ಕುಂತಾನಲ್ಲ?"

"ರಾತ್ರೆಲ್ಲಾ ನಿಂತು ಕಾಲು ಹರದಾವ, ಕುಂತಾನ."

"ರಾಣಿ?"

"ದಣದಾಳವ್ವಾ. ಮಲಗ್ಯಾಳ. ಗದ್ದಲ ಮಾಡಬ್ಯಾಡ್ರಿ, ಏಳ್ರಿ, ಹೊಲಕ್ಕ ಹೊತ್ತಾತು."

ನಾವು ಎದ್ದು ಹೋಗಿ ಊರಿಗೆಲ್ಲ ಸಕ್ಕರೆ ಹಂಚಿದೆವು. ರಾಜನ ಮಗನಿಗೆ!

ಆಮೇಲಿನ ಮಾತು ಉದ್ದ ಬೇಡ. ಶಾಂತಾ ಹಡೆದಳು. ಗಂಡು ಕೂಸು. ಬೆಳಗಾಗುವುದರೊಳಗೆ ಹೋಯಿತು. ಅವಳು ಉಳಿದಳು, ಆದರೆ ಉಳಿದದ್ದು ಅವಳ ಮೈ ಅಷ್ಟೇ. ಅಳಿಯ ಬಂದು ಕರೆದರೂ ಬಮ್ಮಿಗಟ್ಟಿಗೆ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಮಾತು ಆಡಿದರೆ ಅದು ರಾಣಿಯ ಮಾತು. "ನಂದು ಹೋತು, ಆಕೀದರ ಉಳೀತಲ್ಲವ್ವ. ಅಂಥಾ ಸವತಿ ಕೈಯಾಗ ಸಿಕ್ಕಾಕಿ ಉಳದಾಳಂದ್ರ ನಾನೂ ಉಳೀತೀನಿ" ಅನ್ನುವಳು. ಮಾಬೂಬಿ ಓಣಿಗೆ ಬಂದಾಗಲೆಲ್ಲ ಅವಳ ಹಾಸಿಗೆಯ ಬಾಜು ಕುಂತುಕೊಳ್ಳುವಳು.

"ಮಾಬೂಬಿ, ಈಗ ರಾಣಿ ಮಗ ಎಷ್ಟು ದೊಡ್ಡಾಂವ ಆಗಿರಬೇಕು?"

"ಈಗ ಬೋರಲ ಬೀಳತಿರಬೇಕು."

ಮುಂದೊಂದು ದಿನ, "ಅಂಬೆಗಾಲಿಡತಾನ, ರಾಣಿ ಹಿಂದಿಂದ ಓಡತಾಳ. ಆಕೀಗಿ ಕೂತು ಉಣ್ಣಾಕ ಬಿಡೂದಿಲ್ಲ ಹುಡುಗ." ಶಾಂತಾ ನಗುತ್ತಿದ್ದಳು. ಆ ನಗುವಿನ ಸಲುವಾಗಿ ನಾನು ಮಾಬೂಬಿಗೆ ಹಾಲಿನ ಚಾ ಮಾಡಿ ಕೊಡುತ್ತಿದ್ದೆ. ನಿಧಾನಕ್ಕೆ ಹುಡುಗಿ ಎದ್ದಳು, ಎರಡು ರೊಟ್ಟಿ ಬಡಿದಳು, ಗಂಡನ ಮನೆಗೆ ಹೋಗುವ ಮಾತಾಡಿದಳು. ಹೋದಳು ಕೂಡ.

ಮರುವರ್ಷ ಫಕ್ಕೀರಪ್ಪ ಸುದ್ದಿ ತಂದ. "ಯವ್ವಾರ, ನಿಮ್ಮ ರಾಣಿ ಕಥಿ ಎರಡನೇ ಭಾಗ ಬರತೈತಂತ, ಬರೂ ಐತ್ವಾರದಿಂದ."

ಶಾಂತಾ ಬಮ್ಮಿಗಟ್ಟಿಯಿಂದ ಅದಕ್ಕೆಂದೇ ಬಂದಳು. ತಲೆಗೆ ಎಣ್ಣೆ ಹಚ್ಚಿ ಹೂ ಮುಡಿದಳು. ಮಾಬೂಬಿಯ ಮುಖ ಮಾತ್ರ ಸುಣ್ಣದಂತಾಗಿತ್ತು. "ಎರಡನೇದು ಯಾತಕ್ಕ ಬೇ? ಕಥಿ ಮುಗೀತಲ್ಲ" ಅಂದಳು. ಭಾನುವಾರ ಬೆಳಿಗ್ಗೆ ಜ್ವರ ಅಂದಳು. ನಾನೇ ಹೋಗಿ ರಟ್ಟೆ ಹಿಡಿದು ಎಳೆದು ತಂದೆ. "ನೀ ಇಲ್ಲದ ನಮಗ ಯಾರು ಹೇಳಬೇಕಬೇ?"

ಟೀವಿ ಹತ್ತಿತು. ಅದೇ ಅರಮನೆ. ಗೋಡೆಯ ಮೇಲೆ ಆಳೆತ್ತರದ ಚಿತ್ರ, ಚಿತ್ರಕ್ಕೆ ಮಾಲೆ, ಮುಂದೆ ದೀಪ. ಆಗಷ್ಟೇ ನಡೆಯಲು ಕಲಿತ ಒಬ್ಬ ಹುಡುಗ ಬಂದು ಚಿತ್ರಕ್ಕೆ ಕೈ ಮುಗಿದ. ತಿರುಗಿ ಹಿರಿಯ ರಾಣಿಯ ಸೆರಗು ಹಿಡಿದು "ಮಾ" ಅಂದ. ಅದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ಮಾಬೂಬಿ ಆಗಲೂ ಬಿಡಲಿಲ್ಲ. "ಅದು… ರಾಣಿಯ ಅವ್ವನ ಚಿತ್ರ" ಅಂದಳು.

"ಆ ಹಣಿಗೆ ನನ್ನ ಕೈಲೆ ಕುಂಕುಮ ಹಚ್ಚೇನಿ, ಮಾಬೂಬಿ" ಅಂದಳು ಶಾಂತಾ. ಎದ್ದು ಹೋದಳು.

ನಮ್ಮವರೆಲ್ಲ ಟೀವಿಯನ್ನು ಬಿಟ್ಟು ಮಾಬೂಬಿಯನ್ನು ನೋಡುತ್ತಿದ್ದರು. ಒಂದು ವರ್ಷದ ಹಿಂದೆ ಸತ್ತವಳ ಮಗನಿಗೆ ನಾವು ಸಕ್ಕರೆ ಹಂಚಿದ್ದೆವು! ಇನ್ನು ಮೊದಲಿನಿಂದ ಈಕೆ ಹೇಳಿದ್ದರಲ್ಲಿ ಖರೆ ಎಷ್ಟು? ಆ ಹಿರಿಯ ರಾಣಿ ಕೆಟ್ಟವಳು ಹೌದೋ ಅಲ್ಲವೋ? ರಾಜ ಊಟ ಬಿಟ್ಟದ್ದಾದರೂ ಹೌದೇ? ಕಣ್ಣಾರೆ ಕಂಡಿದ್ದೂ ನಮ್ಮದಲ್ಲ ಅನ್ನಿಸಿತು.

ಮನೆಯಲ್ಲಿ ಶಾಂತಾ ಮತ್ತೆ ಗೋಡೆಯ ಕಡೆ ಮುಖ ಮಾಡಿದ್ದಳು. "ಅವ್ವಾ, ಇಷ್ಟು ದಿನ ನಾ ಸತ್ತಾಕೀನ್ನ ನೋಡಿ ಧೈರ್ಯ ತಗೊಂಡೆನೇನ?" ಅಂದಳು. ಆ ಮಾತು ನನ್ನ ಹೊಟ್ಟೆಯೊಳಗೆ ಇಳಿದದ್ದು ಇನ್ನೂ ಅಲ್ಲೇ ಇದೆ.

ನಡು ಓಣಿಯಲ್ಲಿ ಮಾಬೂಬಿಯನ್ನು ನಿಲ್ಲಿಸಿದೆ. "ಯಾಕ ಸುಳ್ಳು ಹೇಳಿದಿ?"

"ಆವತ್ತ ನಾ ಟೀವಿ ನೋಡಲಿಲ್ಲ ನೀಲವ್ವ. ಶಾಂತಾನ ಕೈ ಹೊಟ್ಟಿ ಮ್ಯಾಲಿತ್ತು, ಆ ಕೈ ನೋಡಿದೆ. ಬಾಯಾಗ ಬಂದದ್ದು ಅದ."

"ಆವತ್ತಿಂದು ಬಿಡು. ಆಮ್ಯಾಲ? ನನ್ನ ಮನ್ಯಾಗ ಕುಂತು, ನನ್ನ ಚಾ ಕುಡದು, ಬೋರಲ ಬೀಳತಾನ, ಅಂಬೆಗಾಲಿಡತಾನ… ಅದನ್ನೆಲ್ಲ ಯಾವ ಟೀವಿ ನೋಡಿ ಹೇಳಿದಿ?"

"ಆಕಿ ನಗತಿದ್ದಳು" ಅಂದಳು ಮಾಬೂಬಿ.

"ನನ್ನ ಮಗಳ ಜೀವ ನಿನ್ನ ಸಂತಿ ಆಡಿನ ಕಥಿ ಅಲ್ಲ" ಅಂದೆ. ಬಳೆ ಇಡುವಾಗ ಮುಖ ಆ ಕಡೆ ಮಾಡಿಸುವಂತೆ ನಮ್ಮನ್ನೆಲ್ಲ ಒಂದು ವರ್ಷ ಆ ಕಡೆ ತಿರುಗಿಸಿ ಕೂರಿಸಿದ್ದಳು. ಬಳೆಯ ನೋವು ಆಗಿಹೋಗುತ್ತದೆ. ಇದು ಕಾದು ಕುಂತು ಒಮ್ಮೆಗೇ ಬಂತು.

ಅವತ್ತಿನಿಂದ ಯಾರೂ ಆಕೆಗೆ ಕೈ ಕೊಡಲಿಲ್ಲ. ಮಲಾರ ಹೊತ್ತು ಬಂದವಳು ಹೊತ್ತುಕೊಂಡೇ ಹೋಗುತ್ತಿದ್ದಳು. ಕುಂದಗೋಳದಿಂದ ಹೊಸ ಬಳೆಗಾರನೊಬ್ಬ ಬರತೊಡಗಿದ.

ಈ ಸಲ ಶಾಂತಾ ಮತ್ತೆ ಬಸುರಿಯಾದಾಗ ನಮಗೆ ಖುಷಿಗಿಂತ ಅಂಜಿಕೆ ಹೆಚ್ಚು. ಕುಬಸಕ್ಕೆ ಆ ಕುಂದಗೋಳದವನನ್ನೇ ಕರೆದೆವು. ಅವನು ಮಾತಿಲ್ಲದ ಮನುಷ್ಯ, ಕೈಯೂ ಒರಟು. ಹಸಿರು ಬಳೆ ಏರಿಸುವಾಗ ಶಾಂತಾಗೆ ಅಂಜಿಕೆಯಿಂದ ಕೈ ಬಿಗಿಯಿತು, ಬಳೆ ಒಡೆಯಿತು. ಇನ್ನೊಂದು ಒಡೆಯಿತು. ಕೈಯಲ್ಲಿ ರಕ್ತ. ಕುಬಸದ ದಿನ ಬಳೆ ಒಡೆದರೆ! ಹಾಡುತ್ತಿದ್ದ ಹೆಂಗಸರ ಬಾಯಿ ಬಂದಾಯಿತು.

ಆಗ ನೋಡಿದೆ, ಹೊಸ್ತಿಲ ಹೊರಗೆ ಮಾಬೂಬಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ. ಒಳಗೆ ಬಾ ಅಂತ ನಾನೂ ಅನ್ನಲಿಲ್ಲ. ಶಾಂತಾನೇ ಅಂದಳು, "ಬಾ. ನೀನ ಇಡು. ಆದ್ರ ಈ ಸಲ ಕಥಿ ಹೇಳಬ್ಯಾಡ."

ಮಾಬೂಬಿ ಕುಂತು ಅವಳ ಕೈಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಮುಖ ಆ ಕಡೆ ಮಾಡು ಅನ್ನಲಿಲ್ಲ. ಸಡಲ ಬಿಡು ಅಂತಲೂ ಅನ್ನಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು, "ನೋವಾಗತೈತಿ ಬೇ. ತಡಕೋ" ಅಂದಳು. ಗೆಣ್ಣು ಒತ್ತಿದಳು. ಶಾಂತಾ ತುಟಿ ಕಚ್ಚಿದಳು, ನೋಡುತ್ತಲೇ ಇದ್ದಳು. ಒಂದಾದ ಮೇಲೊಂದು ಬಳೆ ಏರಿದವು. ಒಂದೂ ಒಡೆಯಲಿಲ್ಲ.

ಹೋಗುವಾಗ ಬಾಗಿಲಲ್ಲಿ ನನ್ನನ್ನು ಕೇಳಿದಳು, "ಸಿಟ್ಟು ಹೋತೇನ ನೀಲವ್ವ?"

"ಇಲ್ಲ" ಅಂದೆ.

"ಖರೆ ಹೇಳಿದಿ. ಛಲೋ ಆತು" ಅಂದಳು. "ಅಣ್ಣಿಗೇರಿಗೆ ತಂಗಿ ಮನಿಗೆ ಹೊಂಟೇನಿ. ಇಲ್ಲಿ ಯಾರದೂ ಕೈ ಇಲ್ಲ ನನಗ. ಕೂಸು ಹುಟ್ಟಿದ್ರ ಹೇಳಿ ಕಳಸು, ಅದರ ಕೈಗೆ ಕರೀಬಳಿ ನಾನ ಇಡತೀನಿ." ಮಲಾರ ಹೆಗಲಿಗೆ ಏರಿಸಿ ಬಸ್ಸಿನ ಕಡೆ ನಡೆದಳು. ನಾನು ನೋಡಿದ್ದು ಅದೇ ಕಡೆಯ ಸಲ.

ಮಳೆ ಹಿಡಿದಾಗ ಆಕೆಯ ತಂಗಿಯ ಗಂಡ ಹೇಳಿ ಕಳಿಸಿದ. ಜ್ವರ ಬಂದಿತ್ತಂತೆ, ಈ ಸಲ ಖರೆ ಜ್ವರ. ಆಕೆ ಮಣ್ಣಾಗಿ ವಾರವಾದ ಮೇಲೆ ನಮಗೆ ಸುದ್ದಿ ತಿಳಿಯಿತು. ತುಂಬಿದ ಬಸುರಿಗೆ ಹೇಳುವುದು ಹೇಗೆ? ಮನೆಯವರೆಲ್ಲ ಬಾಯಿಗೆ ಬೀಗ ಹಾಕಿದೆವು. ಶಾಂತಾ ಕೇಳಿದಾಗಲೆಲ್ಲ, "ತಂಗಿ ಊರಾಗ ಅದಾಳ, ಬರತಾಳ" ಅನ್ನುವುದು ನನಗೇ ರೂಢಿಯಾಯಿತು.

ನಿನ್ನೆ ಸಂಜೆ ಬಸ್ಸಿಗೆ ಅಳಿಯ, ಬೀಗತಿ ಬಮ್ಮಿಗಟ್ಟಿಯಿಂದ ಬಂದರು. ಗೋಧಿ ಹುಗ್ಗಿ, ರೊಟ್ಟಿ, ಎಣ್ಣೆಗಾಯಿ. ಬಾಣಂತಿಗೆ ಮೆತ್ತನೆಯ ಅನ್ನ, ಮೆಣಸಿನ ಸಾರು. ಪಡಸಾಲೆಯಲ್ಲಿ ಎಲ್ಲರೂ ತಾಟಿನ ಮುಂದೆ ಕುಂತಿದ್ದೆವು. ಒಳಗಿನ ಕೋಣೆಯಿಂದ ಶಾಂತಾ ಕೂಗಿದಳು:

"ಅವ್ವಾ, ಅಣ್ಣಿಗೇರಿಗೆ ಹೇಳಿ ಕಳಿಸಿದೇನ? ಮಾಬೂಬಿ ಯಾವಾಗ ಬರತಾಳ?"

ಎಲ್ಲರ ತುತ್ತು ಕೈಯಲ್ಲೇ ನಿಂತಿತು. ಬೀಗತಿ ನನಗೆ ಕಣ್ಣು ಮಾಡಿ, "ಬರತಾಳ ತಗೀ ನಮ್ಮವ್ವ, ನೀ ಮೊದಲ ಉಣ್ಣು" ಅಂದರು. ನನ್ನ ಬಾಯಲ್ಲೂ ಅದೇ ಮಾತು ತಯಾರಾಗಿತ್ತು. ಹಸಿ ಬಾಣಂತಿ. ಹೇಳದಿದ್ದರೆ ಯಾರು ಬೈಯುತ್ತಾರೆ?

ಕೈ ತೊಳೆದು ಒಳಗೆ ಹೋದೆ. ಬಾಜು ಕುಂತು ಅವಳ ಕೈಯನ್ನು ನನ್ನ ತೊಡೆಯ ಮೇಲೆ ತೆಗೆದುಕೊಂಡೆ. ಹಸಿರು ಬಳೆಗಳು ಹಾಗೇ ಇದ್ದವು, ಹೆರಿಗೆಯಲ್ಲೂ ಒಂದೂ ಒಡೆದಿರಲಿಲ್ಲ.

"ನೋವಾಗತೈತಿ ಬೇ" ಅಂದೆ. "ತಡಕೋ. ಮಾಬೂಬಿ ಇಲ್ಲ. ಮಳ್ಯಾಗ ತೀರಿಕೊಂಡಳು."

ಅವಳು ಮುಖ ಗೋಡೆಯ ಕಡೆ ಮಾಡಲಿಲ್ಲ. ನನ್ನನ್ನೇ ನೋಡಿದಳು. ಕಣ್ಣೀರು ಕಿವಿಯ ತನಕ ಇಳಿಯಿತು. ಅಳಬೇಡ ಅಂತ ನಾನು ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರಸಿಕೊಂಡು ಪಡಸಾಲೆಯ ಕಡೆ, "ಅಲ್ಲೇ ಯಾಕ ಗಪ್ಪ ಕುಂತೀರಿ? ಇಲ್ಲೇ ಬರ್ರಿ ಎಲ್ಲಾರೂ" ಅಂದಳು.

ನಮ್ಮ ಯಜಮಾನರು ಮೊದಲು ತಾಟು ಹಿಡಿದು ಬಂದರು. ಅಳಿಯ ಹುಗ್ಗಿಯ ಪಾತ್ರೆ ಎತ್ತಿಕೊಂಡು ಬಂದ. ಬೀಗತಿ ಹೊಸ್ತಿಲಿಗೆ ಒರಗಿ ಕುಂತರು. ಕೂಸು ನಮ್ಮ ನಡುವೆ ಬರಿಗೈ ಮುಷ್ಟಿ ಮಾಡಿ ಮಲಗಿತ್ತು.

"ಭಾಳ ಸುಳ್ಳಿ ಇದ್ದಳವ್ವ ಆಕಿ" ಅಂದಳು ಶಾಂತಾ, ಅನ್ನ ಕಲಸುತ್ತ.

"ಭಾಳ" ಅಂದೆ. ಅವಳ ಅನ್ನದ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದೆ. ಎಲ್ಲರೂ ಉಂಡೆವು.